ಚಪ್ಪಲಿ ಕಾಯುವವಳ ನದಿಯಾನ

ಮನೆಮಂದಿ ನೀರಿಗಿಳಿದಾಗಲೆಲ್ಲ ದಡದಲ್ಲಿ ಕೂತು ಚಪ್ಪಲಿ ಕಾಯುವ ಕೆಲಸ ನನ್ನದು. ಕಾರಿನ ಕೀಲಿ, ಒದ್ದೆ ಟವೆಲ್ ಸಮೇತ. ಅಮೆರಿಕದ ಈ ಏಪೆಕ್ಸ್ ಊರಿಗೆ ಬಂದ ಇಪ್ಪತ್ತೈದು ವರ್ಷಗಳಲ್ಲಿ ಈ ಸೀಮೆಯ ಕೆರೆ, ಹೊಳೆ, ಕಡಲು ಯಾವುದನ್ನೂ ಬಿಟ್ಟಿಲ್ಲ; ಎಲ್ಲದರ ದಡವನ್ನೂ ಕಂಡಿದ್ದೇನೆ. ಈ ಹುದ್ದೆಯನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲ ದಿನವೇ "ನೀವು ಹೋಗಿ, ನಾನು ಇಲ್ಲೇ ಇರ್ತೀನಿ" ಅಂದವಳು ನಾನೇ.

ಹೀಗಿರುವಾಗ ಮಗಳು ಮೇಘಾ ಗೆಳತಿಯರ ಜೊತೆ ಪಶ್ಚಿಮದ ಮರುಭೂಮಿಯ ನದಿಯೊಂದರಲ್ಲಿ ರಾಫ್ಟಿಂಗ್ ಹೋಗುವ ಯೋಜನೆ ಹಾಕಿದಳು. ಅದಕ್ಕೆ ಪರ್ಮಿಟ್ ಬೇಕು, ಅದು ಲಾಟರಿಯಲ್ಲಿ ಸಿಗಬೇಕು. "ಅಮ್ಮ, ನೀನೂ ಅಪ್ಲೈ ಮಾಡು, ಮೋರ್ ಚಾನ್ಸಸ್" ಅಂದಳು. ಮಾಡಿದೆ. ಹೊರಡುವ ದಿನ ಯಾವುದೆಂದು ಫಾರಂ ಕೇಳಿತು. ಒಳ್ಳೆಯ ದಿನ ಹುಡುಕುವುದು ನನಗೆ ಹೊಸದೇ? ಪಂಚಾಂಗ ತೆರೆದು, ಪ್ರಯಾಣಕ್ಕೆ ಪ್ರಶಸ್ತವಾದ ಒಂದು ಗುರುವಾರ ಹಾಕಿದೆ. ಹುಡುಗಿಯರಲ್ಲಿ ಯಾರಿಗೂ ಬರದ ಪರ್ಮಿಟ್ ನನಗೆ ಬಂತು!

ಮೇಘಾ ತಾರೀಖು ನೋಡಿ ತಲೆ ಹಿಡಿದುಕೊಂಡಳು. "ಅಮ್ಮಾ! ಬೆಟ್ಟದ ಸ್ನೋ ಎಲ್ಲ ಮೆಲ್ಟ್ ಆಗೋ ವೀಕ್ ಅದು. ನೀರು ಸೂಪರ್ ಹೈ. ಅದಕ್ಕೇ ಯಾರೂ ಆ ಡೇಟ್ ಕೇಳಲ್ಲ!" ಮೇಲಾಗಿ, ಪರ್ಮಿಟ್ ಯಾರ ಹೆಸರಲ್ಲಿದೆಯೋ ಅವರು ದೋಣಿಯಲ್ಲಿ ಇರಲೇಬೇಕಂತೆ.

"ಕ್ಯಾನ್ಸಲ್ ಮಾಡಿಬಿಡು. ಸ್ವಿಮ್ಮಿಂಗ್ ಪೂಲಲ್ಲೇ ಕಂಬಿ ಹಿಡ್ಕೊಂಡು ನಿಲ್ಲೋಳು ನೀನು" ಅಂದರು ಯಜಮಾನರು. "ಇಟ್ಸ್ ಓಕೆ ಅಮ್ಮ, ನೆಕ್ಸ್ಟ್ ಇಯರ್ ನೋಡೋಣ" ಅಂದಳು ಮಗಳು. ಆ ಸಮಾಧಾನ ಕೇಳಿಯೇ ನನಗೆ ಮೈ ಉರಿದುಹೋಯಿತು. ಲ್ಯಾಬಿನಲ್ಲಿ ಇಪ್ಪತ್ತು ಜನರಿಗೆ ಕೆಲಸ ಹೇಳುವವಳು ಇವರ ಟವೆಲ್ ಹಿಡಿದು ಕೂತದ್ದು ಸಾಕು ಅನ್ನಿಸಿತು. "ಕ್ಯಾನ್ಸಲ್ ಗಿನ್ಸಲ್ ಇಲ್ಲ. ನಾನು ಹೋಗೋಳೇ. ಬರೋರು ಬನ್ನಿ" ಅಂದೆ. ಮರುದಿನವೇ ಈಜು ಕಲಿಯಲು ಸೇರಿದೆ. ಪಕ್ಕದ ಲೇನಿನಲ್ಲಿ ಆರು ವರ್ಷದ ಮಕ್ಕಳು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಹೋಗಲಿ.

ಕಳೆದ ಶನಿವಾರ ಷಾರ್ಲೆಟ್ ಊರಿನ ಕಡೆ, ರಾಫ್ಟಿಂಗ್‌ಗೆಂದೇ ನೀರು ರಭಸವಾಗಿ ಹರಿಸುವ ಒಂದು ಕೃತಕ ಕಾಲುವೆಯಲ್ಲಿ ಅಭ್ಯಾಸ. ಚಪ್ಪಲಿ, ಕೀಲಿ ಎಲ್ಲವನ್ನೂ ಯಜಮಾನರ ಮಡಿಲಿಗೆ ಹಾಕಿ, ತಿರುಗಿಯೂ ನೋಡದೆ ರಾಫ್ಟ್ ಹತ್ತಿದೆ. ಎರಡನೇ ತಿರುವಿನಲ್ಲೇ ನೀರು ನನ್ನನ್ನು ಎತ್ತಿ ಎಸೆಯಿತು. ಲೈಫ್ ಜಾಕೆಟ್ ಮೇಲೆ ತಂದಿತು. ಮೂಗು ಬಾಯಲ್ಲಿ ನೀರು ಕಕ್ಕುತ್ತ ಕಣ್ಣು ಬಿಟ್ಟರೆ, ಯಜಮಾನರು ನನ್ನ ಹೆಸರು ಕೂಗುತ್ತ ದಡದುದ್ದಕ್ಕೂ ಬರಿಗೈಯಲ್ಲಿ ಓಡಿಬರುತ್ತಿದ್ದಾರೆ! ಮದುವೆಯಾದಾಗಿನಿಂದ ಅವರು ನನಗಾಗಿ ಹಾಗೆ ಓಡಿದ್ದೇ ಇಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಬಾಯಿಂದ ಹೊರಟ ಮಾತು ಮಾತ್ರ ಇದು:

"ರೀ, ಅಲ್ಲಿ ಚಪ್ಪಲಿ ಯಾರು ನೋಡ್ಕೋತಿದಾರೆ?"