ಹಸಿರು ಕ್ಯಾಂಪಸ್ಸಿನ ನೋಡಲ್ ಅಧಿಕಾರಿ

ಖಾಲಿ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಿದ್ದೇ ಚಲುವರಾಜು ಮಾಡಿದ ತಪ್ಪು. ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದ ರಿಜಿಸ್ಟ್ರಾರರ ಕಣ್ಣಿಗೆ ಅದು ಬಿತ್ತು. ವಿಶ್ವವಿದ್ಯಾಲಯದ ಕರೆಂಟು ಉಳಿಸಲು ಕೈ ಎತ್ತಿದ ನೌಕರನನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ. ಸಂಜೆಯೊಳಗೆ ಆದೇಶ ಬಂತು: ಗುಮಾಸ್ತ ಚಲುವರಾಜು ಇನ್ನು ಹಸಿರು ಕ್ಯಾಂಪಸ್ಸಿನ ನೋಡಲ್ ಅಧಿಕಾರಿ.

ಚಲುವರಾಜುವಿಗೆ ಬೇಕಾಗಿದ್ದು ಹಸಿರಲ್ಲ, ವರ್ಗಾವಣೆ. ಮನೆ ಶ್ರೀರಂಗಪಟ್ಟಣದಲ್ಲಿ, ಕೆಲಸ ನಾಗಮಂಗಲದಾಚೆ ಬಿಂಡಿಗನವಿಲೆ ರಸ್ತೆಯಲ್ಲಿ. ದಿನಾ ಎರಡು ಬಸ್ಸು, ಒಂದು ಆಟೊ. ಶ್ರೀರಂಗಪಟ್ಟಣದ ಶಾಖಾ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು.

"ಹಸಿರು ಸರ್ಟಿಫಿಕೇಟಿನ ತಪಾಸಣೆ ಕಮಿಟಿಯವರು ಖುಷಿಯಾಗಿ ಹೋಗ್ಲಿ, ಅವತ್ತೇ ಫೈಲಿಗೆ ಸೈನ್ ಹಾಕ್ತೀನಿ," ಎಂದಿದ್ದರು ರಿಜಿಸ್ಟ್ರಾರರು.

ಕಮಿಟಿ ಬರುವ ದಿನ ಎಲ್ಲರೂ ಸೈಕಲ್ಲಿನಲ್ಲೇ ಒಳಗೆ ಬರಬೇಕೆಂದು ಚಲುವರಾಜು ಸುತ್ತೋಲೆ ಹೊರಡಿಸಿದ. ಪ್ರೊಫೆಸರುಗಳು ಚಾಚೂ ತಪ್ಪದೆ ಪಾಲಿಸಿದರು. ಕಾರಿನ ನೆತ್ತಿಗೆ ಸೈಕಲ್ ಕಟ್ಟಿಕೊಂಡು ಬಂದು, ಗೇಟಿನಲ್ಲಿ ಇಳಿಸಿ, ತಳ್ಳಿಕೊಂಡು ಒಳಗೆ ಹೋದರು. ಹತ್ತಲು ಬರುತ್ತಿದ್ದುದು ಇಬ್ಬರಿಗೆ; ಅವರಲ್ಲೊಬ್ಬರು ಗುಲಾಬಿ ಪಾತಿಯೊಳಗೆ ಬಿದ್ದರು.

ಆಮೇಲೆ ಬ್ಯಾನರು ಬಂತು. 'ಪ್ಲಾಸ್ಟಿಕ್ ಮುಕ್ತ ಆವರಣ' ಎಂಬ ಇಪ್ಪತ್ತಡಿ ಉದ್ದದ ಪ್ಲಾಸ್ಟಿಕ್ ಫ್ಲೆಕ್ಸು.

"ಬಟ್ಟೇಲಿ ಬರ್ಸು ಅಂದಿದ್ನಲ್ಲ ಕುಳ್ಳಯ್ಯ?"

"ಬಟ್ಟೆ ಮಳೆಗೆ ಕೊಳ್ತೋಯ್ತದೆ ಕಣಣ್ಣ," ಎಂದ ಪ್ರಿಂಟಿಂಗ್ ಅಂಗಡಿಯ ಕುಳ್ಳಯ್ಯ. "ಇದು ನೂರು ವರ್ಸ ಆದ್ರೂ ಏನೂ ಆಗಾಕಿಲ್ಲ. ಗ್ಯಾರಂಟಿ."

ಫ್ಲೆಕ್ಸನ್ನು ಬೀರುವಿನ ಹಿಂದೆ ತುರುಕುವಷ್ಟರಲ್ಲಿ ಕಮಿಟಿಯ ಕಾರು ನಾಗಮಂಗಲ ದಾಟಿತೆಂದು ಫೋನು ಬಂತು. ಮೈದಾನದಲ್ಲಿ ನೆಡಿಸಿದ್ದ ಮುನ್ನೂರು ಸಸಿಗಳನ್ನಾದರೂ ಕಣ್ತುಂಬ ನೋಡೋಣವೆಂದು ಚಲುವರಾಜು ಕಿಟಕಿಗೆ ಬಂದ. ಸಸಿಗಳ ಜಾಗದಲ್ಲಿ ಎಂಬತ್ತು ಕುರಿಗಳು, ಮದುವೆ ಮನೆಯ ಮೊದಲ ಪಂಕ್ತಿಯವರ ಹಾಗೆ ತಲೆ ಎತ್ತದೆ ಮೇಯುತ್ತಿದ್ದವು.

ಚಲುವರಾಜು ಗೇಟಿಗೆ ಓಡಿ ಬಂದರೂ, ಅಲ್ಲಿ ಕಾವಲಿಗೆ ನಿಲ್ಲಿಸಿದ್ದ ಜೊತೆ ಗುಮಾಸ್ತ ದಿಲೀಪ್ ಟೀ ಲೋಟ ಕೆಳಗಿಡಲಿಲ್ಲ.

"ಗೇಟು ಯಾಕ್ಲಾ ಮುಚ್ನಿಲ್ಲ?"

"ಸೈಕಲ್ ಬತ್ತವೆ, ತೆಗಿ ಅಂದೆ. ತೆಗ್ದೆ. ಮುಚ್ಚು ಅಂತ ನೀನೇಳ್ನಿಲ್ವಲ್ಲಣ್ಣ."

ಕುರಿಗಳ ಒಡತಿ ಮಂಚಮ್ಮ ಮರದಡಿ ಎಲೆಯಡಿಕೆ ಜಗಿಯುತ್ತಿದ್ದಳು. "ಒಸಿ ಹೊಟ್ಟೆ ತುಂಬ್ಲಿ ಬುಡು ಸಾಮಿ. ಇಷ್ಟ್ ದೊಡ್ಡ ಕಾಲೇಜ್ನಾಗೆ ಪ್ರಯೋಜನಕ್ಕೆ ಬರೋದು ಹುಲ್ಲೊಂದೇಯ."

ಚಲುವರಾಜು ಕೋಲೆತ್ತಿ ಓಡಿದ. ಅರ್ಧ ಕುರಿಗಳು ಗ್ರಂಥಾಲಯದ ಮೆಟ್ಟಿಲೇರಿದವು. ಈ ವರ್ಷ ಅಲ್ಲಿಗೆ ಅಷ್ಟು ಜನ ಹೋಗಿದ್ದೇ ಇಲ್ಲ. ಅವನ ಕೈಗೆ ಒಂದು ಟಗರಿನ ಕಿವಿ ಸಿಗುವುದಕ್ಕೂ, ಕಾರಿನಿಂದ ಕಮಿಟಿಯ ಅಧ್ಯಕ್ಷೆ ಡಾಕ್ಟರ್ ದಿವ್ಯ ಇಳಿಯುವುದಕ್ಕೂ ಸರಿಹೋಯಿತು.

"ಏನ್ರೀ ಇದು?"

ಎಂಟು ವರ್ಷದ ಬಸ್ ಪ್ರಯಾಣವೆಲ್ಲ ಚಲುವರಾಜುವಿನ ಕಣ್ಣ ಮುಂದೆ ಬಂತು. "ಹುಲ್ಲು ಕತ್ತರಿಸೋ ಮಿಷನ್ನಿಗೆ ಪೆಟ್ರೋಲ್ ಬೇಕು ಮೇಡಂ. ಹಂಗಾಗಿ ಅದನ್ನ ನಿಲ್ಲಿಸಿ, ಇವನ್ನ…"

"ಓ. ಮತ್ತೆ ಗೊಬ್ಬರ?"

ಅವನು ಗ್ರಂಥಾಲಯದ ಮೆಟ್ಟಿಲ ಕಡೆ ನೋಡಿದ. "ಸ್ಥಳದಲ್ಲೇ ಉತ್ಪಾದನೆ, ಮೇಡಂ."

ದಿವ್ಯ ತುಂಬ ಹೊತ್ತು ಬರೆದುಕೊಂಡರು. ಸಸಿಗಳ ಬದಲು ನಿಂತಿದ್ದ ಕಡ್ಡಿಗಳ ಬಗ್ಗೆ ಯಾರೂ ಕೇಳಲಿಲ್ಲ. ಬೇರೆ ಕ್ಯಾಂಪಸ್ಸುಗಳಲ್ಲೂ ಅವರು ನೋಡಿ ಬಂದದ್ದು ಕಡ್ಡಿಗಳನ್ನೇ.

ಸಂಜೆ ನಾಲ್ಕಕ್ಕೆ ಫಲಿತಾಂಶ ಬಂತು: ಮೊದಲ ದರ್ಜೆಯ ಹಸಿರು ಸರ್ಟಿಫಿಕೇಟು. ಚಲುವರಾಜು ಹೆಂಡತಿ ಅರ್ಪಿತಳಿಗೆ ಫೋನು ಮಾಡಿ, "ಸೋಮವಾರದಿಂದ ಮಧ್ಯಾನದ ಊಟ ಮನೇಲೇ ಕಣೆ," ಎಂದು ಹೇಳಿಯೇ ರಿಜಿಸ್ಟ್ರಾರರ ಕೋಣೆಗೆ ಹೋದ. ಶ್ರೀರಂಗಪಟ್ಟಣದ ವರ್ಗಾವಣೆ ಆದೇಶ ಮೇಜಿನ ಮೇಲಿತ್ತು. ಸೈನೂ ಬಿದ್ದಿತ್ತು. ಹೆಸರು ಮಾತ್ರ ದಿಲೀಪನದು.

"ಸಾರ್, ಇದು?"

"ಗೇಟು ತೆಗೆದಿಟ್ಟ ತಪ್ಪಿಗೆ. ಸರ್ಟಿಫಿಕೇಟು ಬಂತು ಅಂತ ಶಿಸ್ತು ಬಿಡೋಕಾಗುತ್ತಾ? ಎತ್ತಿ ಅಲ್ಲಿಗೆ ಎಸೆದಿದ್ದೀನಿ."

"ನನ್ನದು ಸಾರ್?"

"ನಿನ್ನ ಹೆಂಗಯ್ಯ ಕಳಿಸೋದು? ಕುರಿ ಯೋಜನೆಗೆ ಹೊಣೆ ಅಂತ ವರದೀಲಿ ನಿನ್ನ ಹೆಸರೇ ಬರೆದವ್ರೆ. ಸರ್ಟಿಫಿಕೇಟು ಐದು ವರ್ಷ. ಅಲ್ಲೀವರೆಗೆ ಕುರೀನೂ ಇಲ್ಲೇ, ನೀನೂ ಇಲ್ಲೇ."

ಹೊರಗೆ ದಿಲೀಪ್ ಮುಖ ಊದಿಸಿಕೊಂಡಿದ್ದ. "ನಾಗಮಂಗಲದಾಗೆ ಮನೆ ಮಡೀಕಂಡು ದಿನಾ ಪಟ್ಟಣಕ್ಕೆ ಎಂಗಣ್ಣ ಓಗದು? ನೀನೇ ಪುಣ್ಯವಂತ, ಇಲ್ಲೇ ಉಳ್ಕಂಡೆ."

ಚಲುವರಾಜು ಬಾಯಿ ತೆರೆಯುವ ಮೊದಲೇ ಮಂಚಮ್ಮ ಎದುರಾದಳು. "ನಾಳಿಂದ ಎಷ್ಟೊತ್ಗೆ ಒಡ್ಕಂಡು ಬರ್ಲಿ ಸಾಮಿ?"

"ಒಂಬತ್ತೂವರೆಗೆ ಬಾರವ್ವ," ಎಂದ. "ಅಷ್ಟೊತ್ಗೆ ನನ್ನ ಎರಡ್ನೇ ಬಸ್ಸು ಬಂದಿರ್ತದೆ."