ಕೇಬಲ್ಲಿನ ಬಾಯಿ ಕಟ್ಟಿದ ಮೇಷ್ಟ್ರು

ಹತ್ತು ಮೀಟರ್ ಇರಬೇಕಾದ ಆಂಟೆನಾವನ್ನು ಎರಡೇ ಮೀಟರಿಗೆ ಕುಗ್ಗಿಸಿ ಕಟ್ಟಿದ್ದೇ ಮುನೀಫ್ ಮೇಷ್ಟ್ರ ತಪ್ಪು. ಅವರಾದರೂ ಏನು ಮಾಡಿಯಾರು? ಅಮ್ಮಾನಿನ ಆ ಐದಂತಸ್ತಿನ ಕಟ್ಟಡದ ತಾರಸಿಯಲ್ಲಿ ನೀರಿನ ಟ್ಯಾಂಕು, ಟಿವಿ ಡಿಶ್ಶುಗಳ ನಡುವೆ ಮಿಕ್ಕಿದ್ದೇ ಅಷ್ಟು ಜಾಗ. ಅಲ್ಲಿಂದ ಕೇಬಲ್ಲು ಎಲ್ಲರ ಬಾಲ್ಕನಿ ಸವರಿಕೊಂಡು ನೆಲಮಹಡಿಯ ಅವರ ಕೋಣೆಗೆ ಇಳಿದಿತ್ತು. ಮೇಷ್ಟ್ರು ರೇಡಿಯೊದಲ್ಲಿ ಬಾಯಿ ಬಿಟ್ಟರೆ ಯಾರದೋ ಮನೆಯ ಕರೆಗಂಟೆ ತಾನಾಗಿ ಹೊಡೆದುಕೊಳ್ಳುವುದು.

ಹ್ಯಾಮ್ ಎನ್ನುವ ಈ ಹವ್ಯಾಸಿ ರೇಡಿಯೊದಲ್ಲಿ ಅವರು ಲೋಕದ ದೇಶಗಳನ್ನೆಲ್ಲ ಮಾತಾಡಿಸಿಯಾಗಿತ್ತು. ಬಾಕಿ ಇದ್ದದ್ದು ಪೆಸಿಫಿಕ್ಕಿನ ಒಂದೇ ಒಂದು ನಿರ್ಜನ ದ್ವೀಪ. ಹನ್ನೊಂದು ವರ್ಷ ಕಾದ ಮೇಲೆ ಯಾರೋ ಪುಣ್ಯಾತ್ಮರು ಅಲ್ಲಿ ಹೋಗಿ ರೇಡಿಯೊ ಹೂಡಿದ್ದರು. ಈ ಶುಕ್ರವಾರ ನಾಲ್ಕು ಗಂಟೆಗೆ ಅವರೂ ಗಂಟುಮೂಟೆ ಕಟ್ಟುವವರು.

ಆ ದಿನ ಮೂರು ಗಂಟೆಗೆ ಮೇಷ್ಟ್ರು ರೇಡಿಯೊದಲ್ಲಿ ಕೂಗಿದರು. ದ್ವೀಪ ಓಗೊಟ್ಟಿತು. "ಜೋರ್ಡಾನ್, ಗುರುತು ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ."

ಎದೆ ಡವಗುಟ್ಟುತ್ತಿರುವಾಗಲೇ ಬಾಗಿಲೂ ದಬದಬ ಅಂದಿತು. ಮೂರನೇ ಮಹಡಿಯ ಅಬು ರಾಕಾನ್.

"ಮೇಷ್ಟ್ರೇ, ನನ್ನ ಮಗಳನ್ನ ಕೇಳೋಕೆ ಗಂಡಿನ ಕಡೆಯವ್ರು ಐವತ್ತು ಜನ ಬಂದು ಕೂತಿದಾರೆ. ಅವರ ಹಿರಿಯರು ಹಾಜಿ ಫವ್ವಾಜ್ ಪದ್ಧತಿ ಪ್ರಕಾರ ಕಾಫಿ ಕುಡೀದೆ ಕೆಳಗಿಟ್ಟು, ಮೈಕ್ ಹಿಡಿದು ಕೋರಿಕೆ ಶುರು ಮಾಡಿದ್ರು. ಸ್ಪೀಕರಿಂದ ಒಂಟೆ ಬಾಯಿ ಮುಕ್ಕಳಿಸಿದ ಹಾಗೆ ಸದ್ದು. ಅದು ನಿಮ್ದೇ ಗಂಟಲು ಅಂತ ಕಟ್ಟಡಕ್ಕೆಲ್ಲ ಗೊತ್ತು. ಸಂಬಂಧ ಮುರಿದ್ರೆ ಆ ಕೇಬಲ್ಲಲ್ಲೇ ನಿಮ್ಮನ್ನ ಕಟ್ಹಾಕ್ತೀನಿ."

ಮೇಷ್ಟ್ರು ರೇಡಿಯೊ ಗೆಳೆಯ ಸುಹೈಲನಿಗೆ ಫೋನ್ ಮಾಡಿದರು. "ಆಂಟೆನಾ ಜತೆ ಕೇಬಲ್ಲೂ ರೇಡಿಯೊ ಅಲೆ ಉಗುಳ್ತಿದೆ ಕಣೋ," ಎಂದ ಅವನು. "ಆಂಟೆನಾ ಸೇರೋ ಕಡೆ ಅದನ್ನ ಹತ್ತು ಸುತ್ತು ಸುರುಳಿ ಸುತ್ತು. ಬಾಯಿ ಮುಚ್ಕೊಳ್ಳತ್ತೆ."

ಐದೂ ಮಹಡಿ ಹತ್ತಿ, ಕೇಬಲ್ಲು ಸುತ್ತಿ, ಇಳಿದು ಬಂದು ಮೇಷ್ಟ್ರು ಮತ್ತೆ ಕೂಗಿದರು. ಮೇಲಿನ ಸ್ಪೀಕರ್ ಗಪ್‌ಚುಪ್. ಆದರೆ ದ್ವೀಪದವನು ಜಪಾನು, ಇಟಲಿ ಎಲ್ಲರ ಜತೆ ಹರಟುತ್ತಿದ್ದ. ಮೇಷ್ಟ್ರ ಕೂಗು ಮಾತ್ರ ಅವನ ಕಿವಿಗೆ ಬೀಳಲೇ ಇಲ್ಲ.

ಮತ್ತೆ ಫೋನ್ ಮಾಡಿದರೆ ಸುಹೈಲ್ ಬಿದ್ದು ಬಿದ್ದು ನಕ್ಕ. "ಹಾಗಾದ್ರೆ ಆ ಗಿಡ್ಡ ಆಂಟೆನಾ ಬರೀ ಶೋಕಿಗೆ ಮಾರಾಯ. ಇಷ್ಟು ವರ್ಷ ಲೋಕದ ಜತೆ ಮಾತಾಡಿದ್ದು ನಿನ್ನ ಕೇಬಲ್ಲು. ಈಗ ಅದರ ಬಾಯಿಗೇ ಬಟ್ಟೆ ತುರುಕಿದೀಯ."

ಮೂರೂ ನಲವತ್ತು. ಸುರುಳಿ ಬಿಚ್ಚಲು ಓಡುತ್ತಿದ್ದ ಮೇಷ್ಟ್ರನ್ನು ಮೂರನೇ ಮಹಡಿಯಲ್ಲಿ ಅಬು ರಾಕಾನ್ ತಡೆದರು. ಸಂಬಂಧ ಕುದುರಿತ್ತು. "ನಿಮ್ಮ ಉಪಕಾರ ದೊಡ್ಡದು, ಕಾಫಿ ಕುಡೀದೆ ಹೋಗೋ ಹಾಗಿಲ್ಲ" ಎಂದು ಒಳಗೆಳೆದು, ಹಾಜಿಗಳ ಪಕ್ಕದಲ್ಲೇ ಕೂರಿಸಿ ಬಟ್ಟಲು ಕೈಗಿಟ್ಟರು.

ಮೇಷ್ಟ್ರಿಗೆ ಕೂರಲೂ ಆಗದು, ಏಳಲೂ ಆಗದು. ಗುಟುಕೂ ಕುಡಿಯದೆ ಬಟ್ಟಲನ್ನು ಕೆಳಗಿಟ್ಟರು. ಐವತ್ತು ಜನ ಉಸಿರು ಬಿಗಿಹಿಡಿದರು. ಅಲ್ಲಿನ ರೂಢಿಯಲ್ಲಿ ಕಾಫಿ ಹಾಗಿಟ್ಟವನು ಏನೋ ಬೇಡಲು ಬಂದಿದ್ದಾನೆ, ಅದು ಸಿಕ್ಕ ಮೇಲೇ ಕುಡಿಯುತ್ತಾನೆ ಎಂದೇ ಅರ್ಥ, ಮೇಷ್ಟ್ರೋ ನಲವತ್ತೈದರ ಬ್ರಹ್ಮಚಾರಿ. ಅಬು ರಾಕಾನರ ಮುಖ ಬಿಳಿಚಿಕೊಂಡಿತು.

"ಮೇಷ್ಟ್ರೇ, ನನಗಿರೋದು ಒಬ್ಳೇ ಮಗಳು. ಈಗ್ತಾನೆ ಕೊಟ್ಟಾಯ್ತು."

"ಹೆಣ್ಣು ಬೇಡ ಯಜಮಾನ್ರೇ, ಹತ್ತು ನಿಮಿಷ ಬೇಕು. ನಾನು ರೇಡಿಯೊದಲ್ಲಿ ಮಾತಾಡ್ಬೇಕು. ಸ್ಪೀಕರ್ ಗೊರಗೊರ ಅಂದ್ರೆ ಬೇಜಾರು ಮಾಡ್ಕೋಬಾರ್ದು."

"ಇಷ್ಟೇನಾ? ಕೊಟ್ಟೆ, ಕಾಫಿ ಕುಡೀರಿ."

ಬಾಯಿ ಸುಟ್ಟುಕೊಂಡು ಕುಡಿದ ಮೇಷ್ಟ್ರು ತಾರಸಿಗೆ ಹಾರಿ, ಸುರುಳಿ ಬಿಚ್ಚಿ, ಒಂದೇ ಉಸಿರಿಗೆ ಕೆಳಗಿಳಿದು ಕೂಗಿದರು. ನಾಲ್ಕು ಗಂಟೆಗೆ ಇನ್ನೂ ಮೂರು ನಿಮಿಷ ಇತ್ತು.

"ಜೋರ್ಡಾನ್, ಚೆನ್ನಾಗಿ ಕೇಳ್ತಿದೆ," ಎಂದಿತು ದ್ವೀಪ. "ನಿಮ್ಮ ಪೂರ್ತಿ ಗುರುತು ಹೇಳಿ."

ಮೇಷ್ಟ್ರು ಮಾತಾಡುವ ಗುಂಡಿ ಒತ್ತಿದರು. ರೇಡಿಯೊದ ದೀಪ ಆರಿತು. ಫ್ಯಾನೂ ನಿಂತಿತು.

ಬಾಗಿಲಲ್ಲಿ ಅಬು ರಾಕಾನ್ ನಿಂತಿದ್ದರು, ಏದುಸಿರು, ಮುಖದ ತುಂಬ ನಗು. "ಧೈರ್ಯವಾಗಿ ಮಾತಾಡಿ ಮೇಷ್ಟ್ರೇ. ಸ್ಪೀಕರ್ ಸದ್ದು ಮಾಡಿ ನೆಂಟರ ಮುಂದೆ ನಿಮಗೆ ಮುಜುಗರ ಆಗಬಾರ್ದು ಅಂತ, ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಆರಿಸಿ ಬಂದಿದೀನಿ."