ಬಸ್ಸಿನಲ್ಲಿ ಕಲಿತ ನಲವತ್ತೊಂಬತ್ತು

ಬೆಳಗ್ಗೆ ಏಳಕ್ಕೆ ಮುಖ್ಯಗುರು ಮಾಧವರಾಯರ ಫೋನು ಬಂದಾಗ ಇಮ್ಮಾನುಯೇಲ ಮಾಸ್ತರ ಬೀದರದ ಮೈಲೂರಿನ ತನ್ನ ಮನೆಯಲ್ಲಿ ಅರ್ಧ ಗಡ್ಡ ಕೆರೆದುಕೊಂಡು ನಿಂತಿದ್ದ.

"ಇವತ್ತ ಜಿಲ್ಲಾದಿಂದ ಸಾಹೇಬ್ರು ಪಾಠಾ ನೋಡ್ಲಿಕ್ಕಿ ಬರ್ತಾರ್ರಿ. ಗಣಿತದ ತುಷಾರಗ ಜ್ವರ ಬಂದಾವಂತ. ಆರನೇ ಕ್ಲಾಸಿನ ಮಕ್ಕಳಿಗಿ ರೋಮನ್ ಅಂಕಿ ನೀವೇ ಕಲಸ್ರಿ."

"ಸರ್, ನಾ ಕನ್ನಡ ಮಾಸ್ತರ ಇದ್ದೇನ್ರಿ."

"ಆ ಅಂಕಿನೂ ಅಕ್ಷರದಾಗೇ ಬರೀತಾರಲ್ರಿ. ನಿಮ್ಮ ಖಾತೇನೇ ಆತು," ಎಂದು ಮಾಧವರಾಯರು ಫೋನಿಟ್ಟರು.

ಬೇರೆ ದಿನವಾಗಿದ್ದರೆ ಇಮ್ಮಾನುಯೇಲ ತಾನೂ ಜ್ವರ ಬರಿಸಿಕೊಳ್ಳುತ್ತಿದ್ದ. ಆದರೆ ಅವನಿಗೆ ಜನವಾಡ ಬೇಕಾಗಿತ್ತು. ಅವನ ಶಾಲೆ ಔರಾದಿಗೆ ನಾಲ್ಕು ಕಿಲೋಮೀಟರ್ ಈಚೆಗೆ. ದಿನಕ್ಕೆ ಎರಡು ಸಲ, ಎಂಟು ವರ್ಷದಿಂದ, ಬಸ್ಸಿನಲ್ಲಿ ಕುಲುಕಿ ಕುಲುಕಿ ಅವನ ಸೊಂಟ ಸಡಿಲಾಗಿತ್ತು. ಅದೇ ದಾರಿಯಲ್ಲಿ, ಬೀದರಕ್ಕೆ ಹತ್ತಿರವೇ ಇರುವ ಜನವಾಡದ ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದಕ್ಕೆ ಅವನೂ ಅರ್ಜಿ ಹಾಕಿದ್ದ, ತುಷಾರನೂ ಹಾಕಿದ್ದ. ಕೊಡುವವರು ಇದೇ ಸಾಹೇಬರು. ಪಾಠ ಚಲೋ ಆದರೆ ಜನವಾಡ ತನ್ನದೇ ಎಂದು ಇಮ್ಮಾನುಯೇಲ ಉಳಿದರ್ಧ ಗಡ್ಡವನ್ನು ಹುರುಪಿನಿಂದ ಕೆರೆದ.

ತೊಡಕು ಒಂದೇ. ರೋಮನ್ ಅಂಕಿಗಳ ಬಗ್ಗೆ ಅವನಿಗೆ ಗೊತ್ತಿದ್ದದ್ದು ಮದುವೆಯಲ್ಲಿ ಉಡುಗೊರೆ ಬಂದ ಗೋಡೆ ಗಡಿಯಾರದಷ್ಟು. ಹನ್ನೆರಡಕ್ಕೆ ಅವನ ವಿದ್ಯೆ ಮುಗಿಯುತ್ತಿತ್ತು.

"ಹನ್ನೆರಡರ ಮುಂದ ಏನದ ಅಂತ ಕೇಳಿದ್ರ ಏನ್ ಹೇಳ್ತೀರಿ?" ಎಂದು ಕೇಳಿದಳು ಹೆಂಡತಿ ಶೈನಿ. ಆಕೆ ನರ್ಸು, ಉತ್ತರವಿಲ್ಲದ ಪ್ರಶ್ನೆ ಕೇಳುವ ರೋಗಿಗಳನ್ನು ದಿನಾ ನೋಡುವವಳು.

"ಮತ್ತ ಒಂದು ಅಂತ ಹೇಳ್ತೇನಿ," ಎಂದು ಅವನು ಬಸ್ಸಿಗೆ ಓಡಿದ.

ಮೊಬೈಲಿನಲ್ಲಿ ನೋಡಿ ಕಲಿಯೋಣವೆಂದರೆ ಊರು ದಾಟಿದ ಕೂಡಲೇ ನೆಟ್ ಹೋಯಿತು. ಅವನು ಬೆರಳು ಮಡಚಿಕೊಂಡು ಗೊಣಗುವುದನ್ನು ಪಕ್ಕದ ಸೀಟಿನ ವತ್ಸಲಾಬಾಯಿ ಕೇಳಿಸಿಕೊಂಡರು. ಭಾಲ್ಕಿಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾಗಿ, ಔರಾದಿನ ಮಗಳ ಮನೆಗೆ ಹೊರಟಿದ್ದವರು. ಯಾರಿಗಾದರೂ ಏನಾದರೂ ಕಲಿಸದೆ ಮೂರು ವರ್ಷವಾಗಿ ಅವರ ಜೀವ ಚಡಪಡಿಸುತ್ತಿತ್ತು.

"ಪೆನ್ ಕೊಡ್ರಿ ಇಲ್ಲಿ," ಎಂದರು.

ಬರೆಯಲು ಹೋದರೆ ಬಸ್ಸು ಎಗರಿತು. ಎಕ್ಸ್ ಎಂದು ಬರೆದದ್ದು ಮುಂದಿನ ಸೀಟಿನವನ ಬಿಳಿ ಅಂಗಿಯ ಬೆನ್ನ ಮೇಲೆ ಮೂಡಿತು. ಬಾಯಿಯವರು ಪೆನ್ನು ಮುಚ್ಚಿ ಎದ್ದು ನಿಂತರು.

"ಹೇ ಬಿಳಿ ಅಂಗಿ, ಎರಡೂ ಕೈ ಮ್ಯಾಲೆ ಅಗಲ ಎತ್ತಪಾ. ಇದು ಐದು. ನೆಟ್ಟಗ ನಿಂತಾಂವ ಒಂದು. ಖಾಸಿಂ ಅಲಿ, ನೀ ಕೈಕಾಲು ಅಗಲ ಮಾಡಿ ಎರಡೂ ಕಡಿ ಕಂಬಿ ಹಿಡ್ಕೊ. ಇಂವ ಹತ್ತು."

"ಬಾಯಿ, ನಾ ಟಿಕೇಟ ಹರೀಬೇಕ್ರಿ," ಎಂದ ಕಂಡಕ್ಟರ್ ಖಾಸಿಂ ಅಲಿ.

"ಹತ್ತು ಮಾತಾಡಂಗಿಲ್ಲ."

ದಾರಿಗೆ ಅಡ್ಡ ಕಾಲು ಚಾಚಿ ಕೂತ ಮನ್ನಳ್ಳಿಯ ಗೌಡರೊಬ್ಬರು ಕೂತಲ್ಲೇ ಎಲ್ ಆದರು, ಅಂದರೆ ಐವತ್ತು. ಅಷ್ಟು ದೊಡ್ಡ ಸಂಖ್ಯೆ ಸಿಕ್ಕಿದ್ದಕ್ಕೆ ಅವರು ಮೀಸೆ ತಿರುವಿಕೊಂಡರು.

"ಸಣ್ಣಾಂವ ದೊಡ್ಡಾವನ ಎಡಕ್ಕ ನಿಂತ್ರ ಕಸ್ಗೊತಾನ, ಬಲಕ್ಕ ನಿಂತ್ರ ಕೊಡ್ತಾನ. ಇಷ್ಟೇ ನೋಡ್ರಿ ಮಾಸ್ತರ. ನಲವತ್ತೊಂಬತ್ತ ಮಾಡ್ರಿ ಈಗ."

ಇಮ್ಮಾನುಯೇಲ ಹಿಂದೆ ನಿಂತು ಜನರನ್ನು ಹೊಂದಿಸತೊಡಗಿದ. ಐವತ್ತರ ಎಡಕ್ಕೆ ಖಾಸಿಂ ಅಲಿಯನ್ನು ನಿಲ್ಲಿಸಿದರೆ ನಲವತ್ತಾಯಿತು. ಅದರ ಬಲಕ್ಕೆ ಒಂಬತ್ತು ಬೇಕು. ಇನ್ನೊಂದು ಹತ್ತಾಗಲು ಬಿಳಿ ಅಂಗಿಯವನು ಒಪ್ಪಿದ, ಅದರ ಎಡಕ್ಕೆ ಒಂದಾಗಿ ಇಮ್ಮಾನುಯೇಲನೇ ನಿಂತ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಅವನು ಸಂತೋಷದಿಂದ ಕಿಟಕಿಯಾಚೆ ನೋಡಿದರೆ ಔರಾದಿನ ಬಸ್ ನಿಲ್ದಾಣ.

"ನಮ್ಮ ಸಾಲಿ ಸ್ಟಾಪಿಗಿ ಸೀಟಿ ಯಾಕ ಹೊಡೀಲಿಲ್ಲೋ ಮಾರಾಯಾ?"

"ಎರಡೂ ಕೈ ಹತ್ತರಾಗ ಸಿಕ್ಕಿದ್ವು ಸರ್. ಹ್ಯಾಂಗ ಹೊಡೀಲಿ?" ಎಂದ ಖಾಸಿಂ ಅಲಿ.

ಅಲ್ಲಿಂದ ಹಾಲು ಮಾರುವ ದಸ್ತಗೀರನ ಮೋಟಾರ್ ಸೈಕಲ್ಲಿನ ಮೇಲೆ, ಎರಡು ಹಾಲಿನ ಕ್ಯಾನುಗಳ ನಡುವೆ ಕೂತು ವಾಪಸು ಬರಬೇಕಾಯಿತು. ಒಂದು ಕ್ಯಾನಿನ ಮುಚ್ಚಳ ಸಡಿಲಿತ್ತು. ಇಮ್ಮಾನುಯೇಲ ಶಾಲೆಯ ಬಾಗಿಲಿಗೆ ಬಂದಾಗ ಪ್ಯಾಂಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು, ಸಾಹೇಬರು ಆಗಲೇ ಆರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಅವನಿಗೆ ಜನವಾಡ ಕೈಬಿಟ್ಟು ಹೋದಂತೆಯೇ ಅನ್ನಿಸಿತು.

"ಶುರು ಮಾಡ್ರಿ," ಎಂದರು ಸಾಹೇಬರು.

ಅವನಿಗೆ ಬರುತ್ತಿದ್ದದ್ದು ಬಸ್ಸಿನ ವಿದ್ಯೆಯೊಂದೇ. ಗಾರ್ಗಿ ಎಂಬ ಎತ್ತರದ ಹುಡುಗಿಯನ್ನು ಕರೆದು ಕೈಕಾಲು ಅಗಲಿಸಿ ಹತ್ತು ಮಾಡಿದ. ಆಕೆಯ ಎಡಗೈ ಕಡೆಗೆ ಒಬ್ಬನನ್ನು ನೆಟ್ಟಗೆ ನಿಲ್ಲಿಸಿ, "ಒಂಬತ್ತು," ಎಂದ.

"ನನಗ ಹನ್ನೊಂದು ಕಾಣ್ತದ," ಎಂದರು ಸಾಹೇಬರು ಹುಬ್ಬು ಗಂಟಿಕ್ಕಿ.

ಮಕ್ಕಳೂ ಹನ್ನೊಂದು ಎಂದರು. ಬಾಗಿಲಲ್ಲಿ ನಿಂತ ಮಾಧವರಾಯರು ಕಣ್ಣು ಮುಚ್ಚಿದರು. ಇಮ್ಮಾನುಯೇಲ ಬಸ್ಸಿನಲ್ಲಿ ಎಲ್ಲರನ್ನೂ ಬೆನ್ನ ಕಡೆಯಿಂದ ನೋಡಿ ಕಲಿತಿದ್ದ. ಇಲ್ಲಿ ಗಾರ್ಗಿ ತರಗತಿಗೆ ಮುಖ ಮಾಡಿ ನಿಂತಿದ್ದಳು, ಆಕೆಯ ಎಡ ನೋಡುವವರಿಗೆ ಬಲವಾಗಿತ್ತು.

"ಸರ್, ಮುಂದಿಂದ ಹನ್ನೊಂದೇ ಅದರಿ. ಜರಾ ಎದ್ದು ಹಿಂದಿಂದ ಬಂದು ನೋಡ್ರಿ," ಎಂದ, ಬೇರೆ ದಾರಿ ಕಾಣದೆ.

ಸಾಹೇಬರು ಎದ್ದು ಕಪ್ಪುಹಲಗೆಯ ಕಡೆ ಹೋಗಿ ಗಾರ್ಗಿಯ ಬೆನ್ನ ಹಿಂದೆ ನಿಂತರು. ತುಸು ಹೊತ್ತು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ವಾಹ್. ಅದೇ ಮಂದಿ, ಆ ಕಡಿ ಹನ್ನೊಂದು, ಈ ಕಡಿ ಒಂಬತ್ತು. ಎಡಕ್ಕಿದ್ರ ಕಳಿ, ಬಲಕ್ಕಿದ್ರ ಕೂಡು. ಇಷ್ಟ ಸರಳ ನನಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಮಕ್ಕಳು ಆ ಕಡೆಯಿಂದ ಈ ಕಡೆಗೆ ಓಡಿ ಒಂಬತ್ತು, ಹನ್ನೊಂದು ಎಂದು ಕೂಗತೊಡಗಿದರು. ನಲವತ್ತಾಯಿತು, ಅರವತ್ತಾಯಿತು. ಗಾರ್ಗಿ ಸಾಹೇಬರ ವಯಸ್ಸು ಕೇಳಿದಳು. ಐವತ್ತೆಂಟು ಎಂದದ್ದೇ ತಡ, ಐವತ್ತಕ್ಕೆ ತೂಕದ ಮನುಷ್ಯ ಬೇಕೆಂದು ಮಕ್ಕಳು ಅವರನ್ನೇ ನೆಲಕ್ಕೆ ಕೂರಿಸಿ ಕಾಲು ಚಾಚಿಸಿದರು. ಬಲಕ್ಕೆ ಒಂದು ಐದು, ಮೂರು ಒಂದು ನಿಂತವು. ಕೊನೆಗೆ ಆ ಮೂರೂ ಒಂದುಗಳು ಸೇರಿ ಐವತ್ತನ್ನು ಎಳೆದು ಎಬ್ಬಿಸಬೇಕಾಯಿತು. ಸಾಹೇಬರು ನಗುತ್ತಲೇ ಧೂಳು ಕೊಡವಿಕೊಂಡರು. ಇಮ್ಮಾನುಯೇಲನ ಕಣ್ಣಿಗೆ ಜನವಾಡದ ಶಾಲೆಯ ಗೇಟು ತೆರೆದುಕೊಳ್ಳುವುದು ಕಾಣಿಸಿತು.

ಆಫೀಸಿನಲ್ಲಿ ಸಾಹೇಬರು ಸಂದರ್ಶನ ಪುಸ್ತಕದಲ್ಲಿ ಅರ್ಧ ಪುಟ ಬರೆದರು. ಮಾಧವರಾಯರು ಹಿಗ್ಗಿ ಹೀರೇಕಾಯಿಯಾಗಿ ಗಟ್ಟಿಯಾಗಿ ಓದಿದರು: "ಇಂಥ ಶಿಕ್ಷಕರು ಗಡಿಭಾಗದ ಶಾಲೆಗೆ ಆಸ್ತಿಯಾಗಿರುತ್ತಾರೆ. ಯಾವ ಕಾರಣಕ್ಕೂ ಇವರನ್ನು ಇಲ್ಲಿಂದ ಬಿಡುಗಡೆ ಮಾಡಬಾರದು."

ಇಮ್ಮಾನುಯೇಲ ಕುರ್ಚಿಯ ಬೆನ್ನು ಹಿಡಿದುಕೊಂಡ. "ಸರ್, ಜನವಾಡದ್ದು ನನ್ನದೊಂದು ಅರ್ಜಿ ಅದರಿ."

"ಅದು ತುಷಾರಗ ಕೊಟ್ಟೆನ್ರಿ. ಪಾಪ, ಪಾಠದ ದಿನಾನೇ ಜ್ವರ ಬರ್ತಾವ ಅಂದ್ರ ಮೈಯಾಗ ಕಸುವಿಲ್ಲ. ದವಾಖಾನಿ ಹತ್ರ ಇರ್ಲಿ."

ಇಮ್ಮಾನುಯೇಲನಿಗೆ ಅಳುವೇ ಬಂತು. ಮಾನ ಹೋದರೂ ಹೋಗಲಿ, ಜನವಾಡ ಉಳಿಯಲಿ ಎಂದು ನಿಜ ಹೇಳಿಬಿಟ್ಟ. "ಸರ್, ನನಗ ರೋಮನ್ ಅಂಕಿ ಬಿಲ್ಕುಲ್ ಬರಂಗಿಲ್ರಿ. ನೀವು ನೋಡಿದ್ದೆಲ್ಲಾ ಇವತ್ತ ಮುಂಜಾನಿ ಬಸ್ಸಿನ್ಯಾಗ ಕಲ್ತದ್ದು. ನಾ ಈ ಸಾಲಿಗಿ ಆಸ್ತಿ ಅಲ್ರಿ."

ಸಾಹೇಬರು ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು, ಕೆಳಗೆ ಇನ್ನೊಂದು ಸಾಲು ಸೇರಿಸಿ ಸಹಿ ಹಾಕಿದರು: "ಸದರಿ ಶಿಕ್ಷಕರು ಪ್ರತಿದಿನ ಬೀದರದಿಂದ ಬಸ್ಸಿನಲ್ಲಿಯೇ ಬರತಕ್ಕದ್ದು."